ಕಲ್ಲಿನ ಮೇಲೆ ಸಹಿ ಹಾಕಿದವರು

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಾಗಲಿ, ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕಂಬಗಳ ನಡುವೆಯಾಗಲಿ ನಿಂತವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರುವುದಿಲ್ಲ. ಇದನ್ನು ಮನುಷ್ಯರು ಹೇಗೆ ಮಾಡಿದರು? ಈ ಪ್ರಶ್ನೆಗೆ ಹಿಂದೆ ದೈವಾನುಗ್ರಹವೆಂಬ ಉತ್ತರವಿತ್ತು. ಜೊತೆಗೆ ಅಮರಶಿಲ್ಪಿ ಜಕಣಾಚಾರಿಯೆಂಬ ಉತ್ತರವೂ ಇತ್ತು. ಮೊಬೈಲಿನಲ್ಲಿ ವಿಡಿಯೊಗಳು ಹರಿದಾಡುವ ಈ ಕಾಲದಲ್ಲಿ ಮೂರನೆಯ ಉತ್ತರವೊಂದು ಜನಪ್ರಿಯವಾಗಿದೆ: ಇದು ಕೈಕೆಲಸದಿಂದ ಆಗುವಂಥದ್ದೇ ಅಲ್ಲ, ನಮ್ಮ ಪೂರ್ವಿಕರ ಬಳಿ ಇಂದಿನ ಕಾರ್ಖಾನೆಗಳನ್ನೂ ಮೀರಿಸುವ ಯಂತ್ರಗಳಿದ್ದವು, ಆ ವಿದ್ಯೆ ಕಳೆದುಹೋಯಿತು ಎಂಬುದು ಆ ಉತ್ತರ.

ಈ ಮಾತನ್ನು ಕೇಳಿದೊಡನೆ ವಿಚಾರವಂತರೆನಿಸಿಕೊಂಡವರು ನಕ್ಕುಬಿಡುತ್ತಾರೆ. ಯಂತ್ರವೆಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಅವರಿಗೆ ಅದೊಂದು ಅಂಧಶ್ರದ್ಧೆ. ಮದುವೆ ಮನೆಯ ಜಗಲಿಯಿಂದ ಕಾಲೇಜಿನ ವಿಚಾರಗೋಷ್ಠಿಯವರೆಗೆ ಈ ವಾದ ಒಂದೇ ಜಾಡಿನಲ್ಲಿ ಸಾಗುತ್ತದೆ. ಒಂದು ಪಕ್ಷಕ್ಕೆ ಅಭಿಮಾನವೇ ಪ್ರಮಾಣ, ಇನ್ನೊಂದು ಪಕ್ಷಕ್ಕೆ ಅಪಹಾಸ್ಯವೇ ಪ್ರಮಾಣ. ಕಲ್ಲನ್ನು ಹತ್ತಿರದಿಂದ ನೋಡಿ ಅದು ಏನು ಹೇಳುತ್ತದೆಂದು ಕೇಳುವ ತಾಳ್ಮೆ ಮಾತ್ರ ಎರಡೂ ಕಡೆ ವಿರಳ. ವಿಜ್ಞಾನ, ತಂತ್ರಜ್ಞಾನ, ಕಲೆ, ಸಮಾಜ ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ಚರ್ಚಿಸುವುದಕ್ಕೆ ಹಾಸನ ಜಿಲ್ಲೆಯ ಈ ಗುಡಿಗಳಿಗಿಂತ ಒಳ್ಳೆಯ ಜಾಗ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ. ಆ ಚರ್ಚೆ ಇಷ್ಟು ಬಡವಾಗಿರುವುದರಿಂದ ಯಾರಿಗೆ ಅನ್ಯಾಯವಾಗುತ್ತಿದೆ ಎಂಬುದನ್ನು ನಾವು ಯೋಚಿಸಬೇಕಾಗಿದೆ.

ಕಂಬ ಹೇಳುವ ಸಾಕ್ಷ್ಯ

ಮೊದಲು ಕಲ್ಲಿನಿಂದಲೇ ಆರಂಭಿಸೋಣ. ಹೊಯ್ಸಳ ಶಿಲ್ಪಿಗಳು ಬಳಸಿದ್ದು ಗ್ರಾನೈಟನ್ನಲ್ಲ. ಭೂವಿಜ್ಞಾನಿಗಳು ಕ್ಲೋರೈಟ್ ಶಿಸ್ಟ್ ಎಂದು ಕರೆಯುವ, ಜನಬಳಕೆಯಲ್ಲಿ ಬಳಪದ ಕಲ್ಲು ಎನಿಸಿಕೊಂಡಿರುವ ಶಿಲೆಯದು. ಖನಿಜಗಳ ಕಾಠಿಣ್ಯವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬಳಪದ ಮುಖ್ಯ ಖನಿಜವಾದ ಟಾಲ್ಕ್‌ಗೆ ಮೊದಲ ಸ್ಥಾನ, ಅಂದರೆ ಅದು ಎಲ್ಲಕ್ಕಿಂತ ಮೃದು. ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್‌ಗೆ 7ನೆಯ ಸ್ಥಾನ. ಕಣಿಯಿಂದ ಹೊಸದಾಗಿ ತೆಗೆದಾಗ ಈ ಕಲ್ಲು ಉಳಿಗೆ ಸುಲಭವಾಗಿ ಬಗ್ಗುತ್ತದೆ, ಗಾಳಿ ಬಿಸಿಲಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ ಎಂಬುದು ಶಿಲ್ಪಿಗಳ ಪರಂಪರಾಗತ ಅನುಭವ. ಮದನಿಕೆಯರ ಆಭರಣಗಳ ಎಳೆ ಎಳೆಯೂ ಕಾಣುವಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾದುದರ ಹಿಂದೆ ಈ ಶಿಲೆಯ ಆಯ್ಕೆಯಿದೆ. ಆ ಆಯ್ಕೆಯೇ ಒಂದು ವಿಜ್ಞಾನ.

ಉಳಿಗೆ ಬೇಕಾದ ಉಕ್ಕು ಎಲ್ಲಿಂದ ಬಂತು ಎಂದು ಕೇಳುವವರೂ ಇದ್ದಾರೆ. ದಕ್ಷಿಣ ಭಾರತದ ಉಕ್ಕು ಪ್ರಾಚೀನ ಕಾಲದಿಂದಲೂ ದೂರ ದೇಶಗಳಲ್ಲಿ ಹೆಸರಾಗಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಹಳ್ಳಿಯ ಕುಲುಮೆಗಳಲ್ಲಿ ಕಬ್ಬಿಣವನ್ನು ಕರಗಿಸಿ ಉಕ್ಕು ಮಾಡುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅಂಥ ಉಕ್ಕಿನ ಉಳಿಗೆ ಬಳಪದ ಕಲ್ಲು ಅಸಾಧ್ಯವಾದ ಎದುರಾಳಿಯೇನೂ ಆಗಿರಲಿಲ್ಲ.

ಇನ್ನು ಕಂಬಗಳ ಮಾತು. ಗಂಟೆಯಾಕಾರದ, ಕನ್ನಡಿಯಂತೆ ಹೊಳೆಯುವ ಈ ಕಂಬಗಳ ಮೈಮೇಲೆ ಒಂದರ ಮೇಲೊಂದರಂತೆ ಸಮಾನಾಂತರವಾದ ವೃತ್ತಗಳಿವೆ. ಇವು ತಿರುಗಣಿಯಲ್ಲಿ, ಇಂದಿನ ಮಾತಿನಲ್ಲಿ ಲೇತ್‌ನಲ್ಲಿ, ಕಡೆದ ಕಂಬಗಳೆಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅಂದ ಮೇಲೆ ಯಂತ್ರವಿತ್ತು ಎನ್ನುವವರು ಪೂರ್ಣವಾಗಿ ತಪ್ಪಿಲ್ಲ, ಯಂತ್ರವೆಂದೊಡನೆ ನಗುವವರು ಪೂರ್ಣವಾಗಿ ಸರಿಯಿಲ್ಲ. ಚನ್ನಪಟ್ಟಣದ ಬೊಂಬೆ ಮಾಡುವವರು ಮರವನ್ನು ತಿರುಗಿಸಿ ಉಳಿಯನ್ನು ಹಿಡಿದು ನಿಲ್ಲಿಸುವಾಗ ಕೆಲಸ ಮಾಡುವ ತತ್ವವೇ ಇಲ್ಲಿಯೂ ಕೆಲಸ ಮಾಡಿದೆ. ಟನ್ನುಗಟ್ಟಲೆ ತೂಗುವ ಕಲ್ಲನ್ನು ನಿಲ್ಲಿಸಿ ತಿರುಗಿಸಿದರೇ, ಮಲಗಿಸಿ ತಿರುಗಿಸಿದರೇ, ಬಲವನ್ನು ಒದಗಿಸಿದ್ದು ಆಳುಗಳೇ, ಎತ್ತುಗಳೇ ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆ ಭಿನ್ನಾಭಿಪ್ರಾಯ ಆರೋಗ್ಯಕರವಾದುದು. ಏಕೆಂದರೆ ಅದು ಕಂಬದ ಮೇಲಿನ ಗೆರೆಗಳನ್ನು ನೋಡಿಯೇ ನಡೆಯುವ ವಾದ.

ಇನ್ನೊಂದು ಸಂಗತಿ. ತಿರುಗಣಿಯ ಕಂಬವಾಗಲಿ, ಬಳಪದ ಕಲ್ಲಾಗಲಿ ಹೊಯ್ಸಳರ ಕಾಲಕ್ಕೆ ಆಕಾಶದಿಂದ ಉದುರಿದ್ದಲ್ಲ. ಅವರಿಗಿಂತ ಮೊದಲೇ, ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಆಶ್ರಯದಲ್ಲಿದ್ದ ಶಿಲ್ಪಿಗಳು ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿಗೆ ಹೊರಳಿದ್ದರು. ಗದಗ, ಲಕ್ಕುಂಡಿ ಸೀಮೆಯ ಗುಡಿಗಳಲ್ಲಿ ಕಡೆದ ಕಂಬಗಳನ್ನು ಇಂದಿಗೂ ಕಾಣಬಹುದು. ಕಲೆಯೊಂದು ತಲೆಮಾರಿನಿಂದ ತಲೆಮಾರಿಗೆ ಬೆಳೆದುಬಂದ ಹೆಜ್ಜೆಗಳು ಹೀಗೆ ನೆಲದ ಮೇಲೆ ಇರುವಾಗ, ಕಳೆದುಹೋದ ಮಹಾಯಂತ್ರದ ಕಲ್ಪನೆ ಯಾರಿಗೆ ಬೇಕು?

ಹೋಲಿಕೆಯೇ ಪ್ರಮಾಣವಲ್ಲ

ಹಳೇಬೀಡಿನ ಒಂದು ಮೂರ್ತಿಯ ಕೈಯಲ್ಲಿರುವ, ಹಲ್ಲುಗಳಂಥ ಅಂಚಿನ ದುಂಡು ವಸ್ತುವನ್ನು ಗೇರ್ ಚಕ್ರವೆಂದು ಹೇಳುವವರಿದ್ದಾರೆ. ಇನ್ನೊಂದು ಶಿಲ್ಪದಲ್ಲಿ ದೂರದರ್ಶಕವನ್ನು ಕಂಡವರೂ ಇದ್ದಾರೆ. ದೂರದರ್ಶಕ ಬೆಳಕಿಗೆ ಬಂದದ್ದು 1608ರಲ್ಲಿ ಹಾಲೆಂಡಿನಲ್ಲಿ, ಹೊಯ್ಸಳೇಶ್ವರದ ಕೆಲಸ ಆರಂಭವಾದದ್ದು ಸುಮಾರು 1121ರಲ್ಲಿ. ಐದು ಶತಮಾನ ಮೊದಲೇ ನಮ್ಮಲ್ಲಿ ಇದು ಇತ್ತೆಂದರೆ ಯಾರಿಗೆ ತಾನೆ ಹೆಮ್ಮೆಯಾಗದು? ಆದರೆ ಹೆಮ್ಮೆಪಡುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ.

ತಂತ್ರಜ್ಞಾನವೆಂಬುದು ಒಂಟಿಯಾಗಿ ಇರುವುದಿಲ್ಲ. ದೂರದರ್ಶಕವಿದ್ದರೆ ಗಾಜನ್ನು ಉಜ್ಜಿ ಮಸೂರ ಮಾಡುವವರು ಇರಬೇಕು, ಅವರ ಕಾರ್ಯಾಗಾರದ ಒಡೆದ ತುಂಡುಗಳು ಎಲ್ಲಾದರೂ ದೊರೆಯಬೇಕು, ಅದರ ಮೂಲಕ ಕಂಡ ಗ್ರಹಗಳ ವರ್ಣನೆ ಯಾವುದಾದರೂ ಜ್ಯೋತಿಷ ಗ್ರಂಥದಲ್ಲಿ ಇರಬೇಕು. ಗೇರ್ ಚಕ್ರವಿದ್ದರೆ ಅದರ ಜೊತೆಗಾರ ಚಕ್ರಗಳು, ಅವುಗಳನ್ನು ಎರಕ ಹೊಯ್ದ ಕುಲುಮೆ, ಅದಕ್ಕೊಂದು ಹೆಸರು, ಅದನ್ನು ಮಾಡುವವರಿಗೊಂದು ಕಸುಬಿನ ಹೆಸರು ಇರಬೇಕು. ಹೊಯ್ಸಳರ ನಾಡು ಶಾಸನಗಳ ನಾಡು. ಬಿ.ಎಲ್. ರೈಸ್ ಸಂಪಾದಿಸಿ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟವೊಂದನ್ನೇ ತೆರೆದರೆ ಭೂಮಿಯ ದತ್ತಿ, ಕೆರೆಯ ದತ್ತಿ, ತೆರಿಗೆ, ಗಾಣ, ಸಂತೆಯ ಸುಂಕ ಎಲ್ಲದರ ಲೆಕ್ಕವೂ ಸಿಗುತ್ತದೆ. ಗಾಣದ ಎಣ್ಣೆಯ ಲೆಕ್ಕವನ್ನು ಬರೆದಿಟ್ಟ ಸಮಾಜ ಮಹಾಯಂತ್ರಗಳ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲವೇಕೆ?

ತಿರುಗಣಿಯ ವಿಷಯದಲ್ಲಿ ಹೀಗಿಲ್ಲ. ಅಲ್ಲಿ ಒಂದಲ್ಲ, ಹಲವಾರು ಗುಡಿಗಳ ನೂರಾರು ಕಂಬಗಳು ಒಂದೇ ಮಾತನ್ನು ಹೇಳುತ್ತವೆ. ಒಂದು ಹೋಲಿಕೆಯನ್ನು ಹಿಡಿದು ಜಿಗಿಯುವುದಕ್ಕೂ, ಪರಸ್ಪರ ಹೊಂದುವ ಅನೇಕ ಗುರುತುಗಳಿಂದ ತೀರ್ಮಾನಕ್ಕೆ ಬರುವುದಕ್ಕೂ ಇರುವ ಅಂತರ ಇದು. ಪ್ರೌಢಶಾಲೆಯ ಮಕ್ಕಳಿಗೆ ವೈಜ್ಞಾನಿಕ ಮನೋಭಾವವೆಂದರೆ ಏನೆಂದು ವಿವರಿಸಲು ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ಹೊಯ್ಸಳೇಶ್ವರದ ಅಡಿಪಟ್ಟಿಕೆಯಲ್ಲಿರುವ ಆನೆಗಳನ್ನು ನೋಡಿ. ಸಾವಿರಕ್ಕೂ ಹೆಚ್ಚಿನ ಆ ಸಾಲಿನಲ್ಲಿ ಒಂದು ಸೊಂಡಿಲನ್ನು ಎತ್ತಿದೆ, ಇನ್ನೊಂದು ಮುಂದಿನ ಆನೆಯ ಬಾಲವನ್ನು ಹಿಡಿದಿದೆ, ಮತ್ತೊಂದು ತಲೆಯನ್ನು ತಿರುಗಿಸಿದೆ. ಒಂದರಂತೆ ಇನ್ನೊಂದಿಲ್ಲ. ಯಂತ್ರ ಕೆತ್ತಿದ್ದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ಇರುತ್ತಿದ್ದವು. ಅದೇ ಗುಡಿಯ ಗೋಡೆಯಲ್ಲಿ ಕೆಲಸ ಮುಗಿಯದ ಭಾಗಗಳೂ ಇವೆ. ಮೊದಲು ಒರಟು ಆಕಾರ, ಅನಂತರ ಅಂಗಾಂಗಗಳ ಮಿತಿ, ಕೊನೆಗೆ ಸೂಕ್ಷ್ಮ ಕೆತ್ತನೆ ಎಂಬ ಕ್ರಮ ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಪೂರ್ಣಗೊಂಡ ಶಿಲ್ಪ ನಮ್ಮನ್ನು ಬೆರಗುಗೊಳಿಸುತ್ತದೆ, ಅಪೂರ್ಣ ಶಿಲ್ಪ ನಮಗೆ ಕಲಿಸುತ್ತದೆ. ಪ್ರವಾಸಿಗರಿಗೆ ಈ ಭಾಗಗಳನ್ನು ಬೆರಳು ಮಾಡಿ ತೋರಿಸುವುದು ಅಗತ್ಯ.

ಮರೆತ ಹೆಸರುಗಳು

ಇಷ್ಟಕ್ಕೂ ಈ ವಾದದಿಂದ ನಷ್ಟವಾಗುವುದು ಯಾರಿಗೆ? ಉತ್ತರ ಕಲ್ಲಿನ ಮೇಲೆಯೇ ಇದೆ. ಪ್ರಾಚೀನ ಭಾರತದ ಕಲಾವಿದರು ಅನಾಮಧೇಯರು, ಅವರು ತಮ್ಮ ಹೆಸರನ್ನು ಬರೆದುಕೊಳ್ಳುತ್ತಿರಲಿಲ್ಲ ಎಂಬುದು ವಾಡಿಕೆಯ ಮಾತು. ಹೊಯ್ಸಳ ಶಿಲ್ಪಿಗಳು ಈ ಮಾತನ್ನು ಸುಳ್ಳು ಮಾಡಿದ್ದಾರೆ. ಬೇಲೂರಿನ ಮದನಿಕೆಯರ ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಹಳೇಬೀಡಿನಲ್ಲಿ ಕೇದಾರೋಜನ ಹೆಸರಿದೆ. ಮೈಸೂರು ಜಿಲ್ಲೆಯ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ನಲವತ್ತಕ್ಕೂ ಹೆಚ್ಚು ಕಡೆ ಕಾಣುತ್ತದೆ. ಬಳ್ಳಿಗಾವೆ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಊರು. ಅಂದರೆ ಅಪ್ಪನೂ ಮಗನೂ ಅಷ್ಟು ದೂರದಿಂದ ಉಳಿ ಸುತ್ತಿಗೆಗಳನ್ನು ಹೊತ್ತು ಕೆಲಸವಿದ್ದೆಡೆಗೆ ಬಂದವರು. ಚಾಲುಕ್ಯ ನಾಡಿನ ತಂತ್ರ ಹೊಯ್ಸಳ ನಾಡಿಗೆ ಬಂದದ್ದು ಇಂಥವರ ಕಾಲ್ನಡಿಗೆಯಲ್ಲಿ.

ಕೆಲವರು ಹೆಸರಿನೊಡನೆ ಬಿರುದುಗಳನ್ನೂ ಬರೆದುಕೊಂಡಿದ್ದಾರೆ. ಪ್ರತಿಸ್ಪರ್ಧಿ ರೂವಾರಿಗಳನ್ನು ಕೆಣಕುವ ಬಿರುದುಗಳವು. ಶಿಲ್ಪಿಗಳ ನಡುವೆಯೂ ವಾದವಿತ್ತು, ಪೈಪೋಟಿಯಿತ್ತು. ಆದರೆ ಅವರು ತಮ್ಮ ವಾದವನ್ನು ಕೆಲಸದ ಮೂಲಕ ಮಂಡಿಸಿದರು, ಅದರ ಕೆಳಗೆ ಹೆಸರು ಬರೆದು ಹೊಣೆ ಹೊತ್ತರು.

ಈ ಸಹಿಗಳನ್ನು ಹುಡುಕಿ ಓದಿ ಲೋಕಕ್ಕೆ ತಿಳಿಸಿದವರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು ಅಗ್ರಗಣ್ಯರು. ಬೇಲೂರಿನ ಕೇಶವ ದೇವಾಲಯವನ್ನು ಕುರಿತ ಅವರ ಪುಸ್ತಕ 1919ರಲ್ಲಿ ಪ್ರಕಟವಾಯಿತು. ಮುಂದೆ ಎಸ್. ಶೆಟ್ಟರ್ ಅವರಂಥ ವಿದ್ವಾಂಸರು ಶಿಲ್ಪಿಗಳ ಕಡೆಯಿಂದ ಈ ಗುಡಿಗಳನ್ನು ನೋಡುವ ದಾರಿಯನ್ನು ವಿಸ್ತರಿಸಿದರು. ನೂರು ವರ್ಷಗಳಿಗೂ ಹಿಂದೆಯೇ ಅಚ್ಚಾದ ಹೆಸರುಗಳು ನಮ್ಮ ಜನಜೀವನಕ್ಕೆ ಮಾತ್ರ ಇಳಿಯಲೇ ಇಲ್ಲ.

ಆ ಜಾಗವನ್ನು ತುಂಬಿದವನು ಜಕಣಾಚಾರಿ. 1964ರಲ್ಲಿ ಬಿ.ಎಸ್. ರಂಗಾ ಅವರು ತೆರೆಗೆ ತಂದ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಆ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಜನವರಿ 1ರಂದು ರಾಜ್ಯ ಸರ್ಕಾರ ಅವನ ಸಂಸ್ಮರಣಾ ದಿನವನ್ನು ಆಚರಿಸುತ್ತದೆ. ಐತಿಹ್ಯಕ್ಕೆ ಅದರದೇ ಆದ ಗೌರವವಿದೆ. ಶಿಲ್ಪಿಯೊಬ್ಬನನ್ನು ನಾಯಕನನ್ನಾಗಿ ಮಾಡಿಕೊಂಡ ನಾಡು ಎಂಬುದು ಸಣ್ಣ ಮಾತಲ್ಲ. ಆದರೆ ಬೇಲೂರು, ಹಳೇಬೀಡುಗಳ ಸಹಿಗಳ ನಡುವೆ ಆ ಹೆಸರಿಲ್ಲ. ಐತಿಹ್ಯದ ಒಬ್ಬನ ನೆರಳಿನಲ್ಲಿ ಚರಿತ್ರೆಯ ಹತ್ತಾರು ಜನ ಮರೆಯಾಗಬೇಕೆ? ಜಕಣಾಚಾರಿಯ ದಿನದಂದೇ ದಾಸೋಜ, ಚಾವಣ, ಕೇದಾರೋಜ, ಮಲ್ಲಿತಮ್ಮರ ಹೆಸರುಗಳನ್ನೂ ಓದಿದರೆ ಯಾರ ಭಾವನೆಗೂ ಧಕ್ಕೆಯಾಗದು.

ದೈವವೇ ಮಾಡಿತು, ಒಬ್ಬನೇ ಮಾಡಿದ, ಯಂತ್ರ ಮಾಡಿತು. ಮೂರು ಉತ್ತರಗಳೂ ಮೇಲ್ನೋಟಕ್ಕೆ ಬೇರೆ ಬೇರೆ. ಪರಿಣಾಮ ಮಾತ್ರ ಒಂದೇ. ಮೈಮುರಿದು ದುಡಿದ ನೂರಾರು ಜನರ ಕೈಯಿಂದ ಕೀರ್ತಿಯನ್ನು ಕಿತ್ತು ಬೇರೆಲ್ಲೋ ಇಡುವುದು ಆ ಪರಿಣಾಮ. ಕೈಯಿಂದ ಕೆಲಸ ಮಾಡುವವರ ಬುದ್ಧಿಯನ್ನು ನಂಬಲಾಗದ ಸಮಾಜ ಮಾತ್ರ ಇಂಥ ಉತ್ತರಗಳನ್ನು ಇಷ್ಟು ಸುಲಭವಾಗಿ ಒಪ್ಪಬಲ್ಲದು. ಇದು ಪುರಾತನ ವಿಜ್ಞಾನವನ್ನು ಕುರಿತ ವಾದವೆಂದು ತೋರಿದರೂ ಆಳದಲ್ಲಿ ಶ್ರಮವನ್ನು ಕುರಿತ ವಾದ.

ಅರಸೀಕೆರೆಯ ನಕ್ಷತ್ರ

ಬೇಲೂರಿಗೂ ಹಳೇಬೀಡಿಗೂ ನಡುವೆ ಇರುವುದು ಕೇವಲ 16 ಕಿಲೊಮೀಟರ್. ಈ ಎರಡು ಊರುಗಳನ್ನು ನೋಡಿದವರಲ್ಲಿ ಅದೇ ಜಿಲ್ಲೆಯ ಅರಸೀಕೆರೆಯ ಶಿವಾಲಯವನ್ನು ನೋಡಿದವರು ಕಡಿಮೆ. ಬೆಂಗಳೂರು–ಹುಬ್ಬಳ್ಳಿ ದಾರಿಯ ರೈಲ್ವೆ ಜಂಕ್ಷನ್ ಆಗಿ ಮಾತ್ರ ನಮಗೆ ಅರಸೀಕೆರೆ ಪರಿಚಿತ. 1220ರ ಸುಮಾರಿಗೆ ಕಟ್ಟಿದ ಈ ಗುಡಿಯ ಮುಂದಿರುವ ತೆರೆದ ಮಂಟಪ ಹದಿನಾರು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಹೊಯ್ಸಳ ವಾಸ್ತುವಿನಲ್ಲಿಯೂ ಇಂಥ ಮಂಟಪ ಅಪರೂಪ.

ಹದಿನಾರು ಮೂಲೆಗಳ ನಕ್ಷತ್ರವನ್ನು ನೆಲದ ಮೇಲೆ ಬರೆಯುವುದು ಹೇಗೆ? ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ಇಪ್ಪತ್ತೆರಡೂವರೆ ಡಿಗ್ರಿಯಷ್ಟು ತಿರುಗಿಸಿ ಮತ್ತೊಂದು ಚೌಕವನ್ನು ಎಳೆಯಬೇಕು. ಹಾಗೆಯೇ ಇನ್ನೆರಡು. ನಾಲ್ಕು ಚೌಕಗಳ ನಾಲ್ಕು ನಾಲ್ಕು ಮೂಲೆಗಳು ಸೇರಿ ಹದಿನಾರು. ಲಂಬಕೋನವನ್ನು ಅರ್ಧ ಮಾಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿದರೆ ಬೇಕಾದ ಕೋನ ಸಿಗುತ್ತದೆ. ಇದಕ್ಕೆ ಒಂದು ಗೂಟ, ಒಂದು ಹಗ್ಗ ಸಾಕು. ಎಂಟನೆಯ ತರಗತಿಯ ಮಗುವಿಗೂ ಶಾಲೆಯ ಅಂಗಳದಲ್ಲಿ ಇದನ್ನು ಮಾಡಿ ತೋರಿಸಬಹುದು. ಆದರೆ ಆ ಗೆರೆಯ ಮೇಲೆ ಕಲ್ಲನ್ನು ಕೂಡಿಸಿ, ಕಂಬಗಳ ಮೇಲೆ ಭಾರವನ್ನು ಹಂಚಿ, ಮೇಲೆ ಗುಮ್ಮಟದಂಥ ಚಾವಣಿಯನ್ನು ನಿಲ್ಲಿಸಿ, ನೋಡುವವರ ಕಣ್ಣಿಗೆ ಲೆಕ್ಕ ಕಾಣದಂತೆ ಸೌಂದರ್ಯವನ್ನು ಮಾತ್ರ ಉಳಿಸುವುದಿದೆಯಲ್ಲ, ಅಲ್ಲಿ ಗಣಿತ ಎಲ್ಲಿ ಮುಗಿಯಿತು, ಕಲೆ ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯಲಾಗದು. ವಿಜ್ಞಾನ ವಿಭಾಗ, ಕಲಾ ವಿಭಾಗ ಎಂದು ಮಕ್ಕಳನ್ನು ಹದಿನಾರನೆಯ ವಯಸ್ಸಿಗೇ ಬೇರೆ ಬೇರೆ ಕೊಠಡಿಗಳಿಗೆ ಕಳಿಸುವ ನಮಗೆ ಆ ಮಂಟಪ ಏನನ್ನೋ ಹೇಳುತ್ತಿರಬಹುದು.

ಸಮಾಜದ ಪಾಠವೂ ಅಲ್ಲಿದೆ. ಎರಡನೆಯ ಬಲ್ಲಾಳನ ಮಂತ್ರಿ ರೇಚರಸ ಅದೇ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ್ದೂ ಅದೇ 1220ರ ಸುಮಾರಿಗೆ. ಹಳೇಬೀಡಿನಲ್ಲಿ ಶೈವ ಗುಡಿಯ ಸಮೀಪದಲ್ಲಿಯೇ ಜೈನ ಬಸದಿಗಳಿವೆ. ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದಾಗ ಪಕ್ಕದಲ್ಲೇ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಜೈನಳಾಗಿದ್ದ ರಾಣಿ ಶಾಂತಲೆ. ದೇವರು ಯಾರೇ ಇರಲಿ, ಕಲ್ಲಿಗೆ ಜೀವ ತುಂಬುವ ವಿದ್ಯೆ ಒಂದೇ ಆಗಿತ್ತು.

ಕಪ್ಪೆಯ ಕತೆಯ ತಿರುಳು

ಆ ಚೆನ್ನಿಗರಾಯನಿಗೇ ಜನ ಕಪ್ಪೆ ಚೆನ್ನಿಗರಾಯನೆಂದು ಹೆಸರಿಟ್ಟಿದ್ದಾರೆ. ಕತೆ ಎಲ್ಲರಿಗೂ ಗೊತ್ತಿರುವಂಥದ್ದೇ. ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಅಪರಿಚಿತ ತರುಣ ಡಂಕಣ ಹೇಳುತ್ತಾನೆ. ದೋಷ ತೋರಿಸಿದರೆ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಜಕಣಾಚಾರಿ ಪಣ ತೊಡುತ್ತಾನೆ. ಡಂಕಣ ವಿಗ್ರಹಕ್ಕೆಲ್ಲ ಗಂಧ ಬಳಿಸುತ್ತಾನೆ. ಎಲ್ಲೆಡೆ ಗಂಧ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿಯಿಟ್ಟಾಗ ನೀರಿನೊಡನೆ ಕಪ್ಪೆ ಹೊರಬರುತ್ತದೆ.

ಕಪ್ಪೆ ಬದುಕಿತ್ತೇ ಇಲ್ಲವೇ ಎಂದು ವಾದಿಸುವವರಿಗೆ ಈ ಕತೆಯ ತಿರುಳು ದಕ್ಕುವುದಿಲ್ಲ. ಇಲ್ಲಿ ಕಿರಿಯನೊಬ್ಬ ಹಿರಿಯನ ಮಾತನ್ನು ಪ್ರಶ್ನಿಸುತ್ತಾನೆ. ಹಿರಿಯ ಅವನ ಊರನ್ನಾಗಲಿ ಕುಲವನ್ನಾಗಲಿ ಮುಂದಿಟ್ಟು ಬಾಯಿ ಮುಚ್ಚಿಸದೆ ಪರೀಕ್ಷೆಗೆ ಒಪ್ಪುತ್ತಾನೆ. ಪರೀಕ್ಷೆ ಎಲ್ಲರ ಕಣ್ಣೆದುರು ನಡೆಯುತ್ತದೆ. ಫಲಿತಾಂಶ ಬಂದ ಮೇಲೆ ಸೋತವನು ಸೋಲನ್ನು ಒಪ್ಪಿಕೊಳ್ಳುತ್ತಾನೆ. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಜೀವನವಿಡೀ ಬೋಧಿಸಿದ ಡಾ. ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆಂದು ಸಮಿತಿ ರಚಿಸಿದರು. ಅದೇ ವರ್ಷ ಸಂವಿಧಾನದ 42ನೆಯ ತಿದ್ದುಪಡಿ ವೈಜ್ಞಾನಿಕ ಮನೋಭಾವವನ್ನು ಪೌರರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಆ ಮನೋಭಾವ ಹೊರಗಿನಿಂದ ಬಂದ ಸರಕು ಎನ್ನುವವರು ನಮ್ಮದೇ ಜನಪದ ಈ ಕತೆಯಲ್ಲಿ ಏನನ್ನು ಕಾಪಿಟ್ಟಿದೆಯೆಂದು ನೋಡಬೇಕು. ಇಂದು ವಾದದಲ್ಲಿ ಸೋತವರು ಕೈ ಕತ್ತರಿಸಿಕೊಳ್ಳಬೇಕಾಗಿಲ್ಲ, ‘ಹೌದು, ನೀವು ಹೇಳಿದ್ದು ಸರಿ’ ಎಂದರೆ ಸಾಕು.

ಈ ವಾದ ಕೇವಲ ಬುದ್ಧಿಯ ಕಸರತ್ತಲ್ಲ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಜಗತ್ತಿನ ನಾನಾ ದೇಶಗಳ ಜನ ಇಲ್ಲಿಗೆ ಬರುತ್ತಾರೆ. ಅವರಿಗೆ ನಾವು ಹೇಳುವ ಕತೆ ಯಾವುದು? ಮನುಷ್ಯರಿಂದ ಇದು ಅಸಾಧ್ಯ ಎನ್ನುತ್ತೇವೆಯೋ, ಇದನ್ನು ಮಾಡಿದ ಮನುಷ್ಯರ ಹೆಸರು ಇಲ್ಲಿದೆ ನೋಡಿ ಎನ್ನುತ್ತೇವೆಯೋ? ಸಹಿಯಿರುವ ಪ್ರತಿ ಶಿಲ್ಪದ ಬಳಿ ಶಿಲ್ಪಿಯ ಹೆಸರನ್ನು ಇಂದಿನ ಕನ್ನಡ ಲಿಪಿಯಲ್ಲಿ ತಿಳಿಸುವ ಫಲಕ ಹಾಕಲು ದೊಡ್ಡ ಯೋಜನೆ ಬೇಕಿಲ್ಲ. ಅಪೂರ್ಣ ಶಿಲ್ಪಗಳನ್ನೂ ಕಂಬದ ಗೆರೆಗಳನ್ನೂ ವಿವರಿಸುವ ತರಬೇತಿಯನ್ನು ಮಾರ್ಗದರ್ಶಿಗಳಿಗೆ ಕೊಡುವುದೂ ಕಷ್ಟವಲ್ಲ. ಶಾಲೆಯ ಪ್ರವಾಸಗಳು ಬೇಲೂರು, ಹಳೇಬೀಡುಗಳ ಜೊತೆಗೆ ಅರಸೀಕೆರೆಯಲ್ಲೂ ಒಂದು ಗಂಟೆ ನಿಲ್ಲಬೇಕು, ರೇಖಾಗಣಿತದ ಮೇಷ್ಟರೂ ಮಕ್ಕಳ ಜೊತೆಗೆ ಬರಬೇಕು.

ಇನ್ನೂ ಮುಖ್ಯವಾದುದು, ಆ ಕೈಗಳು ಇಂದಿಗೂ ಇವೆ. ಕೋಲಾರ ಜಿಲ್ಲೆಯ ಶಿವಾರಪಟ್ಟಣದಲ್ಲಿ ಉಳಿಯ ಸದ್ದು ನಿಂತಿಲ್ಲ. 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠಾಪನೆಯಾದ ಬಾಲರಾಮನ ಮೂರ್ತಿಯನ್ನು ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್ ಎಂಬುದು ದೇಶಕ್ಕೆಲ್ಲ ಗೊತ್ತು. ಇನ್ನೊಂದೆಡೆ ಕಂಪ್ಯೂಟರ್ ನಿಯಂತ್ರಿತ ಕೆತ್ತನೆ ಯಂತ್ರಗಳು ಕಲ್ಲಿನ ಕೆಲಸಕ್ಕೂ ಬಂದಿವೆ. ಅವುಗಳ ಎದುರು ಕೈಕಸುಬಿಗೆ ಬೆಲೆ ಉಳಿಯಬೇಕಾದರೆ ಕೈ ಏನೇನು ಮಾಡಬಲ್ಲದೆಂಬ ನಂಬಿಕೆ ಮೊದಲು ನಮ್ಮಲ್ಲಿ ಉಳಿಯಬೇಕು. ಒಂಬೈನೂರು ವರ್ಷಗಳ ಹಿಂದಿನ ಕೈಗಳನ್ನೇ ನಂಬದವರು ಇಂದಿನ ಕೈಗಳಿಗೆ ಕೆಲಸ ಕೊಟ್ಟಾರೆಯೇ?

ದಾಸೋಜನೂ ಚಾವಣನೂ ತಮ್ಮ ಹೆಸರನ್ನು ನಾವು ಓದಲೆಂದೇ ಕೆತ್ತಿದರು. ಮುಂದಿನ ಸಲ ಬೇಲೂರಿಗೆ ಹೋದಾಗ ಮದನಿಕೆಯ ಮುಖದಿಂದ ಕಣ್ಣನ್ನು ಸ್ವಲ್ಪ ಕೆಳಗಿಳಿಸಿ ಪೀಠವನ್ನು ನೋಡೋಣ. ವಾದವನ್ನು ಅಲ್ಲಿಂದ ಆರಂಭಿಸೋಣ.